ಮಲಗುವ ಕೋಣೆಗೆ ಯಾವ ದೀಪ? ಮೊದಲು ದಿಂಬಿನ ಮೇಲೆ ತಲೆಯಿಟ್ಟು ನೋಡಿ

ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಅಕ್ಕ ಹೊಸ ಮನೆ ಕಟ್ಟಿಸಿದಳು. ಒಕ್ಕಲಿನ ದಿನ ಮಲಗುವ ಕೋಣೆ ನೋಡಲು ಬಂದವರೆಲ್ಲ ಸ್ವಿಚ್ ಹಾಕಿ, "ಎಷ್ಟು ಚೆಂದ ಉಂಟು, ಹಗಲಿನ ಹಾಗೆ!" ಎಂದರು. ಜಿಪ್ಸಂ ಸೀಲಿಂಗಿನಲ್ಲಿ ಕೆಳಕ್ಕೆ ಬೆಳಕು ಬಿಡುವ ಎಂಟು ಡೌನ್‌ಲೈಟು. ಎಲ್ಲವೂ 6500 ಕೆಲ್ವಿನ್‌ನ ಅಪ್ಪಟ ಬಿಳಿ. ಎರಡು ವಾರ ಕಳೆದು ಅಕ್ಕನ ಫೋನ್ ಬಂತು. "ಮಲಗಿದರೆ ಕಣ್ಣು ಬಿಡಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ದೀಪ ಆರಿಸಿದರೆ ಪೂರ್ತಿ ಕತ್ತಲೆ. ನಡುವಿನದ್ದು ಏನೂ ಇಲ್ಲ."

ಮುಂದಿನ ಭಾನುವಾರ ಹೋದೆ. ಮಂಚದ ಮೇಲೆ ಮಲಗಿ, ದಿಂಬಿಗೆ ತಲೆಯಿಟ್ಟು ಮೇಲೆ ನೋಡಿದೆ. ಎಂಟರಲ್ಲಿ ನಾಲ್ಕು ದೀಪ ನೇರ ಕಣ್ಣಿಗೇ ಬಡಿಯುತ್ತಿತ್ತು. ಅಂಗಡಿಯಲ್ಲಿ ದೀಪ ಆಯ್ಕೆ ಮಾಡುವಾಗ ನಾವು ನಿಂತಿರುತ್ತೇವೆ. ವಯರಿಂಗ್‌ನವರು ಗೋಡೆಗೆ ಗೆರೆ ಹಾಕುವಾಗಲೂ ನಿಂತಿರುತ್ತೇವೆ. ಒಕ್ಕಲಿಗೆ ಬಂದವರೂ ನಿಂತೇ ನೋಡಿದ್ದು. ಆದರೆ ಮುಖ ಮೇಲೆ ಮಾಡಿ ಗಂಟೆಗಟ್ಟಲೆ ಇರುವ ಕೋಣೆ ಮನೆಯಲ್ಲಿ ಇದೊಂದೇ. ಹಾಗಾಗಿ ಇಲ್ಲಿ ದೀಪವನ್ನು ಮಲಗಿಕೊಂಡೇ ಆಯ್ಕೆ ಮಾಡಬೇಕು. ಕೆಳಗೆ ಬರೆದಿರುವ ಹೋಲಿಕೆಗಳಿಗೆಲ್ಲ ನಾನು ಹಿಡಿದಿರುವ ಅಳತೆಕೋಲು ಇದು: ದಿಂಬಿನಿಂದ ನೋಡಿದರೆ ದೀಪದ ಮೈ ಕಾಣಬಾರದು, ಬೆಳಕು ಮಾತ್ರ ಕಾಣಬೇಕು.

ಬೆಳಕನ್ನು ಪದರ ಪದರವಾಗಿ ಹಾಕಬೇಕು ಎಂದು ಒಳಾಂಗಣ ವಿನ್ಯಾಸದವರು ಹೇಳುತ್ತಾರಲ್ವಾ, ಅದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ವಿಷಯವೇ. ಚಾವಡಿಗೆ ಲಾಟೀನು, ಅಡುಗೆಮನೆಗೆ ಚಿಮಣಿ ದೀಪ, ದೇವರ ಕೋಣೆಗೆ ನಂದಾದೀಪ. ಕೆಲಸ ಎಲ್ಲಿದೆಯೋ ಅಲ್ಲಿಗೆ ದೀಪ ಹೋಗುತ್ತಿತ್ತು. ಕರೆಂಟು ಬಂದ ಮೇಲೆ ಕೋಣೆಗೊಂದು ಟ್ಯೂಬ್‌ಲೈಟ್ ಹಾಕಿ, ಎಲ್ಲ ಕೆಲಸವನ್ನೂ ಅದರ ತಲೆಗೆ ಕಟ್ಟಿದೆವು. ಮಲಗುವ ಕೋಣೆಯಲ್ಲಿ ನಿಜವಾಗಿ ನಾಲ್ಕು ಬಗೆಯ ಬೆಳಕು ಬೇಕು. ಗುಡಿಸಲು, ಬಟ್ಟೆ ಮಡಚಲು ಇಡೀ ಕೋಣೆಗೆ ಹರಡುವ ಬೆಳಕು. ಓದಲು ಕೈಹತ್ತಿರದ ಬೆಳಕು. ಮಲಗುವ ಮೊದಲಿನ ಅರ್ಧ ಗಂಟೆಗೆ ಮಂದ ಬೆಳಕು. ನಡುರಾತ್ರಿ ಎದ್ದರೆ ಕಾಲಿನ ದಾರಿ ತೋರಿಸುವಷ್ಟು ಬೆಳಕು. ಇವಕ್ಕೆ ಬೇರೆ ಬೇರೆ ಸ್ವಿಚ್ ಇದ್ದರೆ ಪದರ ಆಯಿತು. ಎಂಟು ದೀಪಕ್ಕೆ ಒಂದೇ ಸ್ವಿಚ್ ಇದ್ದರೆ ಅದು ಒಂದೇ ಪದರ.

ಹಳದಿಯೋ ಬಿಳಿಯೋ

ದೀಪದ ಆಕಾರಕ್ಕಿಂತ ಮೊದಲು ಬೆಳಕಿನ ಬಣ್ಣ ತೀರ್ಮಾನ ಮಾಡಿ. ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಸಂಖ್ಯೆ ಇರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಹಳೆಯ ತಂತಿ ಬಲ್ಬಿನ ಬೆಳಕು 2700ರ ಹತ್ತಿರ. ಅಂಗಡಿಯಲ್ಲಿ ವಾರ್ಮ್ ವೈಟ್ ಎಂದು ಕೊಡುವುದು 2700 ಅಥವಾ 3000. ನ್ಯೂಟ್ರಲ್ ಅಥವಾ ನ್ಯಾಚುರಲ್ ಎಂದರೆ 4000. ಕೂಲ್ ಡೇಲೈಟ್ ಎಂದರೆ 6500. ಕಾಸರಗೋಡಿನ ಅಂಗಡಿಗೆ ಹೋಗಿ ನೀವು ಕನ್ನಡದಲ್ಲಿ ಕೇಳಿ, ತುಳುವಿನಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ಏನೂ ಹೇಳದೆ ಬರೀ "ಎಲ್‌ಇಡಿ ಬಲ್ಬು" ಎಂದರೆ ಹೆಚ್ಚಾಗಿ ಕೈಗೆ ಬರುವುದು 6500. ಹಾಗಾಗಿ "ವಾರ್ಮ್, 3000" ಎಂದು ಸಂಖ್ಯೆ ಸಮೇತ ಕೇಳಿ. ಈ ಪದ ಇಲ್ಲಿನ ಎಲ್ಲ ಭಾಷೆಗಳಲ್ಲೂ ನಡೆಯುತ್ತದೆ.

ಬಣ್ಣಕ್ಕೆ ಇಷ್ಟು ಒತ್ತು ಯಾಕೆ? ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕಿನ ಚಿಪ್. ಅದರ ಮೇಲೆ ಹಳದಿ ಲೇಪ ಹಚ್ಚಿ ಬಿಳಿ ಮಾಡುತ್ತಾರೆ. ಆ ನೀಲಿ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 6500ರ ದೀಪದಲ್ಲಿ ಈ ನೀಲಿಯ ಪಾಲು ಜಾಸ್ತಿ, 2700ರಲ್ಲಿ ಕಡಿಮೆ. ನಮ್ಮ ಕಣ್ಣಿನಲ್ಲಿ ನೋಡುವುದಕ್ಕೆ ಇರುವ ಕೋಶಗಳಲ್ಲದೆ, ಈಗ ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸುವ ಬೇರೆ ಕೋಶಗಳೂ ಇವೆ. ಅವು ಹೆಚ್ಚು ಸ್ಪಂದಿಸುವುದು ನೀಲಿಗೆ, 480 ನ್ಯಾನೋಮೀಟರಿನ ಆಸುಪಾಸಿನ ಬೆಳಕಿಗೆ. ರಾತ್ರಿ ಹತ್ತಕ್ಕೆ ಅವುಗಳ ಮೇಲೆ ನೀಲಿ ಜಾಸ್ತಿ ಬಿದ್ದರೆ ಮೆಲಟೋನಿನ್ ಎಂಬ ನಿದ್ರೆಯ ರಸ ಹುಟ್ಟುವುದು ತಡವಾಗುತ್ತದೆ. ಬಣ್ಣದಷ್ಟೇ ಪ್ರಮಾಣವೂ ಮುಖ್ಯ. ಹಳದಿ ಬೆಳಕನ್ನೇ ಕಣ್ಣು ಕೋರೈಸುವಷ್ಟು ಹಾಕಿಕೊಂಡರೆ ಪ್ರಯೋಜನ ಇಲ್ಲ.

"ಹಳದಿ ಹಾಕಿದರೆ ಕೋಣೆ ಕತ್ತಲೆ ಕತ್ತಲೆ ಕಾಣುತ್ತದೆ" ಎಂಬ ಮಾತು ನಮ್ಮ ಕಡೆ ತುಂಬ ಕೇಳುತ್ತೇನೆ. ಅಲ್ಲಿ ಕಡಿಮೆಯಾಗಿರುವುದು ಬೆಳಕಿನ ಪ್ರಮಾಣ. ವಾಟ್ ನೋಡಬೇಡಿ, ಬೆಳಕಿನ ಪ್ರಮಾಣ ಹೇಳುವ ಲ್ಯೂಮೆನ್ ನೋಡಿ. ಸಾಧಾರಣ ಎಲ್‌ಇಡಿಯಲ್ಲಿ ಒಂದು ವಾಟ್‌ಗೆ ಸುಮಾರು ನೂರು ಲ್ಯೂಮೆನ್ ಎಂದು ಲೆಕ್ಕ ಹಾಕಬಹುದು. ಹತ್ತು ಅಡಿಗೆ ಹನ್ನೆರಡು ಅಡಿಯ, ಬಿಳಿ ಗೋಡೆಯ ಕೋಣೆಗೆ ಎಲ್ಲ ಸೇರಿ 2000 ಲ್ಯೂಮೆನ್ ಇದ್ದರೆ ಬಟ್ಟೆ ಮಡಚಲು, ಕಸ ಗುಡಿಸಲು ಧಾರಾಳ. ಗೋಡೆ ಕೆಂಪುಕಲ್ಲಿನದ್ದಾದರೆ, ನೆಲ ಕಾವಿಯದ್ದಾದರೆ ಅವು ಬೆಳಕು ನುಂಗುತ್ತವೆ. ಆಗ ಇನ್ನೂ ಅರ್ಧದಷ್ಟು ಸೇರಿಸಿ.

ಕೆಂಪುಕಲ್ಲಿನ ವಿಷಯ ಬಂದದ್ದರಿಂದ ಒಂದು ಮಾತು. ಗಾರೆ ಮಾಡದೆ ಕಲ್ಲನ್ನು ಹಾಗೆಯೇ ಪಾಲಿಶ್ ಮಾಡಿ ಬಿಡುವುದು ಈಗ ಕಾಸರಗೋಡಿನಿಂದ ಮಂಜೇಶ್ವರದವರೆಗೂ ಕಾಣುತ್ತದೆ. ಅಷ್ಟು ಖರ್ಚು ಮಾಡಿ ಆ ಗೋಡೆಗೆ 6500ರ ದೀಪ ಬಿಟ್ಟರೆ ಕಲ್ಲು ಬೂದಿ ಬಡಿದ ಹಾಗೆ ಕಾಣುತ್ತದೆ. ಅದೇ ಗೋಡೆಗೆ 3000ದ ಬೆಳಕು ಮೇಲಿನಿಂದ ಸವರಿಕೊಂಡು ಇಳಿದರೆ ಕಲ್ಲಿನ ಒಂದೊಂದು ತೂತೂ ಎದ್ದು ಕಾಣುತ್ತದೆ, ಕೆಂಪು ಬೆಚ್ಚಗೆ ಹೊಳೆಯುತ್ತದೆ.

ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ನೂರಕ್ಕೆ ಇಷ್ಟು ಎಂದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಬಣ್ಣದ ವೇಷದ ಮುಖದ ಕೆಂಪು, ಕಿರೀಟದ ಚಿನ್ನದ ಬಣ್ಣ ಹ್ಯಾಲೊಜನ್ ಬೆಳಕಿನಲ್ಲಿ ಹೇಗೆ ಕಾಣುತ್ತದೆ, ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಹೇಗೆ ಕಾಣುತ್ತದೆ, ಆಟ ನೋಡಿದವರಿಗೆ ಗೊತ್ತು. ವೇಷ ಒಂದೇ, ಬೆಳಕು ಬೇರೆ. ಮಲಗುವ ಕೋಣೆಗೆ 80 ಸಾಕು. ಸೀರೆ ಆರಿಸುವ ಕಪಾಟಿನ ಮುಂದೆ, ಕನ್ನಡಿಯ ಮುಂದೆ 90 ಸಿಕ್ಕಿದರೆ ತೆಗೆದುಕೊಳ್ಳಿ. ನೀಲಿ ಯಾವುದು, ಕಪ್ಪು ಯಾವುದು ಎಂದು ಜಗಲಿಗೆ ಓಡುವ ಕೆಲಸ ತಪ್ಪುತ್ತದೆ.

ಹಳದಿ ಬೆಳಕಿನ ಇನ್ನೊಂದು ಲಾಭ ಊರಿನವರಿಗೇ ತಿಳಿಯುವಂಥದ್ದು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಹಾತೆಗಳು ಕಿಟಕಿಯಿಂದ ನುಗ್ಗುತ್ತವಲ್ವಾ? ಹುಳಗಳನ್ನು ಸೆಳೆಯುವುದು ಹೆಚ್ಚಾಗಿ ನೀಲಿ ಬೆಳಕು. ಹಳದಿ ದೀಪಕ್ಕೂ ಬರುತ್ತವೆ, ಆದರೆ ಕಡಿಮೆ.

ನನ್ನ ತೀರ್ಮಾನ ಹೀಗೆ: ಇಡೀ ಕೋಣೆಗೆ 3000, ಮಂಚದ ಬದಿಗೆ 2700, ಕಪಾಟಿನ ಮುಂದೆ ಮಾತ್ರ ಬೇಕಾದರೆ 4000. 6500 ಮಲಗುವ ಕೋಣೆಯೊಳಗೆ ಬೇಡ.

ಮೇಲಿನ ದೀಪ: ಟ್ಯೂಬ್, ಪ್ಯಾನೆಲ್, ಡೌನ್‌ಲೈಟ್, ಕೋವ್

ಇಲ್ಲಿ ಮೊದಲು ಕೇಳಬೇಕಾದ್ದು ನಿಮ್ಮ ತಲೆಯ ಮೇಲೆ ಏನಿದೆ ಎಂದು. ತಾರಸಿಯೋ, ಹಂಚಿನ ಮಾಡೋ, ಮರದ ಮುಚ್ಚಿಗೆಯೋ?

ಎಲ್‌ಇಡಿ ಟ್ಯೂಬ್ ಎಲ್ಲ ಕಡೆಗೂ ಹೊಂದುತ್ತದೆ. 20 ವಾಟಿನ ಒಂದು ಪಟ್ಟಿ 2000 ಲ್ಯೂಮೆನ್ ಕೊಡುತ್ತದೆ. ಹಳೆಯ 40 ವಾಟಿನ ಟ್ಯೂಬು ಅದರ ಚೋಕ್ ಸೇರಿ 50 ವಾಟ್ ದಾಟುತ್ತಿತ್ತು. ನೆರಳು ಕಡಿಮೆ, ಬೆಲೆ ಕಡಿಮೆ, ಹಾಳಾದರೆ ನೀವೇ ಬದಲಿಸಬಹುದು. ಅದರ ಒಂದೇ ತಪ್ಪು ನಾವು ಅದನ್ನು ಇಡುವ ಜಾಗ. ಹೆಚ್ಚಿನ ಮನೆಗಳಲ್ಲಿ ಮಂಚದ ಕಾಲ ಬದಿಯ ಗೋಡೆಗೆ ಹಾಕಿರುತ್ತಾರೆ. ಮಲಗಿದವರ ಕಣ್ಣಿಗೆ ನೇರ. ಅದನ್ನೇ ತಲೆಬದಿಯ ಗೋಡೆಗೆ, ಮಂಚಕ್ಕಿಂತ ಎತ್ತರದಲ್ಲಿ ಹಾಕಿ. ಕೆಳಗೆ ನಾಲ್ಕಿಂಚು ಅಗಲದ ಒಂದು ಮರದ ಹಲಗೆ ಅಡ್ಡ ಕೊಡಿ. ಟ್ಯೂಬು ಕಾಣುವುದಿಲ್ಲ, ಬೆಳಕು ಮೇಲೆ ಹೋಗಿ ಬಿಳಿ ತಾರಸಿಗೆ ಬಡಿದು ಮೆತ್ತಗೆ ಇಳಿಯುತ್ತದೆ. ಸೀಲಿಂಗಿನ ಅಂಚಿನಲ್ಲಿ ಅಡಗಿಸುವ, ಸಾವಿರಗಟ್ಟಲೆ ಖರ್ಚಿನ ಕೋವ್ ಕೊಡುವ ಬೆಳಕಿನ ಹೆಚ್ಚುಪಾಲು ಒಬ್ಬ ಆಚಾರಿಯ ಅರ್ಧ ದಿನದ ಕೆಲಸದಲ್ಲಿ ಸಿಕ್ಕಿತು.

ಆದರೆ ಹಳೆಯ ಮನೆಯ ಮುಚ್ಚಿಗೆಗೆ ಈ ಉಪಾಯ ನಡೆಯುವುದಿಲ್ಲ. ಕಪ್ಪಾದ ಹಲಸಿನ ಹಲಗೆಗೆ ಬೆಳಕು ಬಿಟ್ಟರೆ ಅದು ಹಿಂದೆ ಬರುವುದೇ ಇಲ್ಲ. ಅಲ್ಲಿ ಬೆಳಕನ್ನು ಮೇಲೆ ಬಿಡದೆ ಸುಣ್ಣ ಬಳಿದ ಗೋಡೆಯ ಮೇಲೆ ಬಿಡಿ. ಹಂಚಿನ ಮಾಡಿನ ಕೋಣೆಯಲ್ಲೂ ಇದೇ. ಪಕ್ಕಾಸು, ರೀಪುಗಳ ನಡುವಿಗೆ ಬಿಟ್ಟ ಬೆಳಕು ಅಲ್ಲೇ ಕಳೆದುಹೋಗುತ್ತದೆ. ಎದುರು ಬದುರು ಗೋಡೆಗೆ ಎರಡು ಬ್ರ್ಯಾಕೆಟ್ ದೀಪ ಹಾಕಿದರೆ ಕೋಣೆ ತುಂಬುತ್ತದೆ, ಮಾಡು ತನ್ನ ನೆರಳಿನಲ್ಲೇ ಚೆಂದ ಕಾಣುತ್ತದೆ.

ಪ್ಯಾನೆಲ್ ಲೈಟು ತಾರಸಿ ಮನೆಯವರ ಅಚ್ಚುಮೆಚ್ಚು. ಜಿಪ್ಸಂ ಸೀಲಿಂಗ್ ಇಲ್ಲದಿದ್ದರೂ ಮೇಲ್ಮೈಗೆ ಕೂರಿಸುವ ಬಗೆ ಸಿಗುತ್ತದೆ. ಚಪ್ಪಟೆ, ಧೂಳು ಕೂರುವುದಿಲ್ಲ, ಹಲ್ಲಿಗೆ ಜಾಗ ಇಲ್ಲ. ಆದರೆ ಅದರ ಇಡೀ ಮೈ ಹೊಳೆಯುತ್ತದೆ. ಮಲಗಿದವರಿಗೆ ಬೇರೆ ಏನೂ ಕಾಣುವುದಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದಾಗ ಬಿಳಿ, ನಡುವಿನ ಬಣ್ಣ, ಹಳದಿ ಎಂದು ಬದಲಾಗುವ ಮೂರು ಬಣ್ಣದ ಪ್ಯಾನೆಲ್ ಬರುತ್ತದೆ. ಬಾಡಿಗೆ ಮನೆಯವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಬಣ್ಣ ಬದಲಾದರೂ ಬೆಳಕು ಕಡಿಮೆಯಾಗುವುದಿಲ್ಲ ಎಂಬುದು ನೆನಪಿರಲಿ.

ಡೌನ್‌ಲೈಟ್, ಒಂದೇ ಕಡೆಗೆ ಬೆಳಕು ಬಿಡುವ ಸಿಒಬಿ ಸ್ಪಾಟ್‌ಗಳನ್ನು ಕೋಣೆಯ ನಡುವೆ ಸಾಲಾಗಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅವು ಗೋಡೆಗೆ ಹತ್ತಿರ ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಗೋಡೆಯಿಂದ ಒಂದರಿಂದ ಒಂದೂವರೆ ಅಡಿ ದೂರದಲ್ಲಿ, ಕಪಾಟಿನ ಮುಂದೆ ಎರಡು, ಕೆಂಪುಕಲ್ಲಿನ ಗೋಡೆ ಇದ್ದರೆ ಅದಕ್ಕೆ ಎರಡು ಮೂರು. ಮಂಚದ ಮೇಲೆ ಒಂದೂ ಬೇಡ. ಕೊಳ್ಳುವಾಗ ಬಲ್ಬು ಆಳದಲ್ಲಿ ಕೂತಿರುವ ಬಗೆಯದನ್ನು ಆರಿಸಿ. ಓರೆಯಿಂದ ನೋಡಿದಾಗ ಮಿಂಚು ಕಾಣಬಾರದು. ಅಂಗಡಿಯಲ್ಲೇ ಸ್ವಲ್ಪ ಬಗ್ಗಿ, ಬದಿಯಿಂದ ನೋಡಿ.

ಫ್ಯಾನಿನ ಮಾತು ಇಲ್ಲಿ ಹೇಳಲೇಬೇಕು. ಹೊರದೇಶದ ಚಿತ್ರಗಳನ್ನು ನೋಡಿ ಮಾಡಿದ ನಕ್ಷೆಗಳಲ್ಲಿ ಫ್ಯಾನ್ ಇರುವುದೇ ಇಲ್ಲ. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಫ್ಯಾನ್ ಇಲ್ಲದೆ ಯಾರಾದರೂ ಮಲಗಲಿಕ್ಕುಂಟಾ? ದೀಪ ಫ್ಯಾನಿನ ರೆಕ್ಕೆಗಿಂತ ಮೇಲೆ, ಹತ್ತಿರದಲ್ಲಿದ್ದರೆ ರೆಕ್ಕೆ ಬೆಳಕನ್ನು ಕತ್ತರಿಸುತ್ತದೆ. ಇಡೀ ಕೋಣೆ ಪಟಪಟ ಮಿನುಗಿದ ಹಾಗೆ ಆಗುತ್ತದೆ, ಹತ್ತು ನಿಮಿಷಕ್ಕೆ ತಲೆನೋವು. ಸಾಧಾರಣ ಫ್ಯಾನು 1200 ಮಿಲಿಮೀಟರಿನದ್ದು. ಎಂದರೆ ನಡುವಿನಿಂದ ರೆಕ್ಕೆಯ ತುದಿಗೆ ಎರಡಡಿ. ಡೌನ್‌ಲೈಟನ್ನು ಫ್ಯಾನಿನ ಕೊಕ್ಕೆಯಿಂದ ಕನಿಷ್ಠ ಮೂರಡಿ ದೂರ ಇಡಿ. ಅಗಲಕ್ಕೆ ಬೆಳಕು ಚೆಲ್ಲುವ ಪ್ಯಾನೆಲ್ ಆದರೆ ಇನ್ನೂ ದೂರ. ಗೋಡೆಯ ಟ್ಯೂಬಿಗೆ ಈ ತೊಂದರೆ ತುಂಬ ಕಡಿಮೆ. ಫ್ಯಾನಿನಡಿಗೇ ದೀಪ ಇರುವ ಬಗೆಯೂ ಬರುತ್ತದೆ. ಮಿನುಗು ಇಲ್ಲ, ಆದರೆ ದೀಪ ಸರಿಯಾಗಿ ಹೊಟ್ಟೆಯ ಮೇಲೆ. ಒಂದೇ ಪಾಯಿಂಟು ಇರುವ ಹಳೆಯ ಕೋಣೆಗೆ ಅನಿವಾರ್ಯವಾದರೆ ಹಾಕಿ.

ಜಿಪ್ಸಂ ಸೀಲಿಂಗಿನ ಅಂಚಿನಲ್ಲಿ ಅಡಗಿಸುವ ಕೋವ್ ಬೆಳಕು ದಿಂಬಿನ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುತ್ತದೆ. ದೀಪ ಕಾಣುವುದೇ ಇಲ್ಲ. ಆದರೆ ಮೂರು ವಿಷಯ ನೋಡಿಕೊಳ್ಳಿ. ಎಲ್‌ಇಡಿ ಪಟ್ಟಿಗೂ ತಾರಸಿಗೂ ನಡುವೆ ಕಡಿಮೆಯೆಂದರೆ ಐದಾರು ಇಂಚು ಬಿಡಿ, ಇಲ್ಲದಿದ್ದರೆ ಅಂಚಿನಲ್ಲಿ ಬೆಳಕಿನ ಗೆರೆ ಮಾತ್ರ ಕಾಣುತ್ತದೆ. ಐದು ಮೀಟರಿಗಿಂತ ಉದ್ದ ಓಡುವುದಾದರೆ 12 ವೋಲ್ಟಿನ ಪಟ್ಟಿ ಕೊನೆಗೆ ಬರುವಾಗ ಮಂಕಾಗುತ್ತದೆ. 24 ವೋಲ್ಟಿನದ್ದು ತೆಗೆದುಕೊಳ್ಳಿ, ಅಥವಾ ಎರಡೂ ತುದಿಯಿಂದ ಕರೆಂಟು ಕೊಡಿ. ಮೂರನೆಯದು ಡ್ರೈವರ್, ಪಟ್ಟಿಗೆ ಬೇಕಾದ ಹಾಗೆ ಕರೆಂಟು ಇಳಿಸಿ ಕೊಡುವ ಪೆಟ್ಟಿಗೆ. ಪಟ್ಟಿಗಿಂತ ಮೊದಲು ಸಾಯುವುದು ಅದೇ. ಕೈ ಹೋಗುವ ಕಡೆ, ಕಪಾಟಿನ ಮೇಲೋ ಬದಿಯ ಪೆಟ್ಟಿಗೆಯಲ್ಲೋ ಇಡಿಸಿ. ಸೀಲಿಂಗಿನೊಳಗೆ ಹೂತರೆ ಮುಂದೆ ಜಿಪ್ಸಂ ಒಡೆಯಬೇಕಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು. ಕೋವ್‌ನ ಗುಂಡಿಯಲ್ಲಿ ಜೇಡನ ಬಲೆ, ಹಾತೆಯ ರೆಕ್ಕೆ ಸೇರುತ್ತದೆ. ಏಣಿ ಹಾಕಿ ಒರೆಸಲು ಮನೆಯಲ್ಲಿ ಯಾರಿದ್ದಾರೆ ಎಂದು ಮೊದಲೇ ಯೋಚಿಸಿ.

ತೂಗುದೀಪದ ಗೊಂಚಲು ಹತ್ತಡಿ ಎತ್ತರದ, ನಡುವೆ ಫ್ಯಾನಿರುವ ಕೋಣೆಗೆ ಬೇಡವೇ ಬೇಡ.

ಮಂಚದ ಬದಿ, ಸೊಳ್ಳೆಪರದೆಯ ಲೆಕ್ಕ

ನನ್ನ ಮಟ್ಟಿಗೆ ದುಡ್ಡು ಹಾಕಬೇಕಾದ ಜಾಗ ಇದು. ಮೇಲಿನ ದೀಪದಲ್ಲಿ ಉಳಿಸಿ, ಇಲ್ಲಿ ಖರ್ಚು ಮಾಡಿ.

ಮೇಜಿನ ದೀಪ, ಗೋಡೆಯ ದೀಪ, ಮಂಚದ ಎರಡು ಬದಿಗೆ ಮೇಲಿನಿಂದ ಇಳಿಬಿಡುವ ತೂಗುದೀಪ, ಈ ಮೂರರಲ್ಲಿ ಆರಿಸುವುದು. ತೂಗುದೀಪ ಚಿತ್ರದಲ್ಲಿ ತುಂಬ ಚೆಂದ. ಆದರೆ ಫ್ಯಾನ್ ಹಾಕಿದೊಡನೆ ಅದು ತೂಗಲು ಶುರು ಮಾಡುತ್ತದೆ. ಗೋಡೆಯ ಮೇಲೆ ನೆರಳೂ ತೂಗುತ್ತದೆ. ಬೇಕೇ ಬೇಕು ಎನ್ನುವವರು ವಯರಿನಲ್ಲಿ ನೇತಾಡುವುದನ್ನು ಬಿಟ್ಟು, ಗಟ್ಟಿ ಪೈಪಿನ ಬಗೆಯನ್ನು ಆರಿಸಿ. ಬೆತ್ತದ, ಬಿದಿರಿನ ಶೇಡುಗಳು ಮಳೆ ಬಿಡದ ಆಟಿ ತಿಂಗಳಿನಲ್ಲಿ ಬೂಸ್ಟು ಹಿಡಿಯುತ್ತವೆ. ಬಟ್ಟೆಯ ಶೇಡೂ ಅಷ್ಟೇ. ತೊಳೆಯಬಹುದಾದ ಗಾಜು, ಮಣ್ಣಿನ ಶೇಡು ನಮ್ಮ ಹವೆಗೆ ಒಳ್ಳೆಯದು. ಕಡಲಿನ ಹತ್ತಿರದ ಮನೆಯವರು ಕಬ್ಬಿಣದ್ದನ್ನು ಬಿಟ್ಟು ಹಿತ್ತಾಳೆ ಅಥವಾ ಅಲ್ಯುಮಿನಿಯಂ ನೋಡಿ.

ಮೇಜಿನ ದೀಪ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಗೋಡೆ ಕೊರೆಯುವ ಕೆಲಸ ಇಲ್ಲ. ಶೇಡಿನ ಕೆಳ ಅಂಚು ನೀವು ಕೂತಾಗಿನ ಕಣ್ಣಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಮೇಲಿದ್ದರೆ ಬಲ್ಬು ಕಾಣುತ್ತದೆ, ಕೆಳಗಿದ್ದರೆ ಪುಟದ ಮೇಲೆ ಬೆಳಕು ಬೀಳುವುದಿಲ್ಲ.

ಇವೆರಡಕ್ಕೂ ನಮ್ಮಲ್ಲಿ ಒಂದು ಅಡ್ಡಿ ಇದೆ. ಸೊಳ್ಳೆಪರದೆ. ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಮನೆ. ಪರದೆ ಇಳಿಸದೆ ಮಲಗುವ ಪದ್ಧತಿಯೇ ಇಲ್ಲ. ಪರದೆಯ ಹೊರಗೆ ದೀಪ ಹಚ್ಚಿ ಒಳಗೆ ಪುಸ್ತಕ ಹಿಡಿದು ನೋಡಿ. ಬಿಳಿ ಬಲೆಯ ಒಂದೊಂದು ಎಳೆಯೂ ಬೆಳಕು ಹಿಡಿದು ಹೊಳೆಯುತ್ತದೆ. ಮಂಜಿನೊಳಗೆ ಕೂತ ಹಾಗಾಗುತ್ತದೆ. ಪುಟಕ್ಕೆ ಬರುವ ಬೆಳಕು ಕಡಿಮೆ, ಕಣ್ಣಿಗೆ ಬರುವುದು ಜಾಸ್ತಿ. ದೀಪ ದೊಡ್ಡದು ಮಾಡಿದಷ್ಟೂ ಬಲೆಯೇ ಹೊಳೆಯುತ್ತದೆ.

ನಾನು ಮಾಡಿದ್ದು ಹೀಗೆ. ತಲೆಬದಿಯ ಗೋಡೆಗೆ, ಹಾಸಿಗೆಯಿಂದ ಎರಡಡಿ ಎತ್ತರಕ್ಕೆ, ಬಗ್ಗಿಸಬಹುದಾದ ಕುತ್ತಿಗೆಯ ಸಣ್ಣ ದೀಪ ಹಾಕಿಸಿದೆ. ಮಂಚವನ್ನು ಗೋಡೆಗೆ ತಾಗಿಸಿಟ್ಟೆ. ಪರದೆಯ ಹಿಂದಿನ ಬದಿ ಗೋಡೆಗೂ ಮಂಚಕ್ಕೂ ನಡುವೆ ಇಳಿಯುತ್ತದೆ. ಪರದೆಯ ಆ ಬದಿಯಲ್ಲಿ, ದೀಪ ಬರುವ ಜಾಗಕ್ಕೆ, ಅಮ್ಮ ಒಂದು ಅಂಗೈ ಅಗಲದ ತೂತು ಮಾಡಿ ಅಂಚಿಗೆ ಎಲಾಸ್ಟಿಕ್ ಹೊಲಿದುಕೊಟ್ಟರು. ದೀಪದ ಕುತ್ತಿಗೆ ಅದರೊಳಗಿಂದ ಒಳಗೆ ಬರುತ್ತದೆ, ಎಲಾಸ್ಟಿಕ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೊಳ್ಳೆಗೆ ದಾರಿ ಇಲ್ಲ. ಬಲೆ ಹೊಳೆಯುವುದಿಲ್ಲ, ಬೆಳಕು ನೇರ ಪುಟಕ್ಕೆ. ಶೇಡಿರುವ ನಾಲ್ಕೈದು ವಾಟಿನ ಎಲ್‌ಇಡಿ ಓದಲು ಸಾಕು. ದೀಪ ಹತ್ತಿರ ಬಂದಷ್ಟೂ ಬೆಳಕು ಏರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಪರದೆಯೊಳಗೆ ಬರುವ ದೀಪ ಎಲ್‌ಇಡಿಯೇ ಆಗಿರಬೇಕು. ಬಿಸಿಯಾಗುವ ಹಳೆಯ ತಂತಿ ಬಲ್ಬು, ಹ್ಯಾಲೊಜನ್ ಬಲೆಯ ಹತ್ತಿರಕ್ಕೂ ಬರಬಾರದು. ತಲೆ ಬಿಸಿಯಾಗದ ದೀಪವೇ ಎಂದು ಹದಿನೈದು ನಿಮಿಷ ಉರಿಸಿ, ಕೈಯಿಂದ ಮುಟ್ಟಿ ನೋಡಿ ಹಾಕಿ.

ಇಬ್ಬರು ಮಲಗುವ ಮಂಚಕ್ಕೆ ಎರಡು ದೀಪ, ಎರಡು ಸ್ವಿಚ್. ಒಬ್ಬರು ಓದುವಾಗ ಇನ್ನೊಬ್ಬರ ನಿದ್ದೆ ಕೆಡಬಾರದು.

ನಡುರಾತ್ರಿಯ ದೀಪ

ಅಮ್ಮನ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದದ್ದು ಝೀರೋ ವಾಟಿನ ನೀಲಿ ಬಲ್ಬು. ಹೆಸರಿಗೆ ಝೀರೋ, ಎಳೆಯುವುದು 10ರಿಂದ 15 ವಾಟ್. ರಾತ್ರಿ ಎಂಟು ಗಂಟೆ ಉರಿದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಎರಡು ತಿಂಗಳ ಬಿಲ್ಲಿನಲ್ಲಿ ಅದೊಂದರದ್ದೇ ಏಳು ಯೂನಿಟಿನವರೆಗೆ. ಅರ್ಧ ವಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ ಎರಡು ತಿಂಗಳಿಗೆ ಕಾಲು ಯೂನಿಟ್. ಆದರೆ ನನಗೆ ಬೇಸರ ತರಿಸಿದ್ದು ಬಿಲ್ಲಲ್ಲ. ಆ ನೀಲಿ ಬೆಳಕು ಗೋಡೆಯ ಮೇಲಿನಿಂದ ಮುಖಕ್ಕೆ ಬೀಳುತ್ತಿತ್ತು. ನೆಲ ಮಾತ್ರ ಕತ್ತಲೆ. ಅಮ್ಮ ಎರಡು ಗಂಟೆಗೆ ಎದ್ದರೆ ಗೋಡೆ ತಡವರಿಸುತ್ತಾ ಬಚ್ಚಲಿಗೆ ಹೋಗುತ್ತಿದ್ದರು. ನಡುವಿನ ಹೊಸ್ತಿಲು ನಾಲ್ಕಿಂಚು ಎತ್ತರ. ದೊಡ್ಡ ದೀಪ ಹಾಕಿದರೆ ಮತ್ತೆ ನಿದ್ದೆ ಬರುವುದಿಲ್ಲ ಎಂದು ಹಾಕುತ್ತಿರಲಿಲ್ಲ.

ಅರುವತ್ತು ದಾಟಿದ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಇಪ್ಪತ್ತರ ಕಣ್ಣಿಗಿಂತ ಎರಡು ಮೂರು ಪಟ್ಟು ಬೆಳಕು ಬೇಕು. ಹಾಗೆಂದು ಕಣ್ಣಿಗೆ ಚುಚ್ಚುವ ಬೆಳಕನ್ನು ಆ ಕಣ್ಣು ತಡೆಯುವುದೂ ಇಲ್ಲ. ಇದಕ್ಕೆ ಸರಿಯಾದ ಉತ್ತರ ಕಾಲ ಬದಿಯ ದೀಪ. ನೆಲದಿಂದ ಒಂದಡಿ ಎತ್ತರದಲ್ಲಿ, ಮಂಚದ ಅಡಿಯಿಂದ ಬಾಗಿಲಿನವರೆಗೆ ಒಂದೋ ಎರಡೋ. ಬೆಳಕು ಕೆಳಕ್ಕೆ ಮಾತ್ರ ಬೀಳಬೇಕು. ಬಣ್ಣ ಹಳದಿ. ಮನುಷ್ಯರ ಓಡಾಟ ತಿಳಿದು ತಾನಾಗಿ ಹತ್ತುವ ಸೆನ್ಸರಿನದ್ದು ಹಾಕಿದರೆ ಸ್ವಿಚ್ ಹುಡುಕುವ ಕೆಲಸವೂ ಇಲ್ಲ. ಸೆನ್ಸರನ್ನು ಮಂಚದ ಮೇಲಿನ ಹೊರಳಾಟ ಕಾಣದ ಹಾಗೆ, ಮಂಚದ ಕೆಳಗಿನಿಂದ ಹೊರಗೆ ನೋಡುವಂತೆ ಕೂರಿಸಿ. ಕಾಲು ಕೆಳಗಿಟ್ಟಾಗ ಮಾತ್ರ ಹತ್ತುತ್ತದೆ.

ಈಗ ಅಮ್ಮ ಕಾಲು ಇಳಿಸಿದೊಡನೆ ಕಾವಿ ನೆಲದ ಮೇಲೆ ಒಂದು ಸಣ್ಣ ಹಳದಿ ಕೊಳ ಹರಡುತ್ತದೆ. ಚಪ್ಪಲಿ ಕಾಣುತ್ತದೆ, ಹೊಸ್ತಿಲು ಕಾಣುತ್ತದೆ. ವಾಪಸು ಬಂದು ಮಲಗಿದ ಒಂದು ನಿಮಿಷಕ್ಕೆ ಆರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ.

ಸ್ವಿಚ್, ಡಿಮ್ಮರ್, ವಯರಿಂಗ್

ಬಾಗಿಲ ಬಳಿ ಒಂದು, ಮಂಚದ ಬಳಿ ಒಂದು, ಎರಡು ಕಡೆಯಿಂದಲೂ ಹಾಕಿ ಆರಿಸುವ ಟೂ-ವೇ ಸ್ವಿಚ್ಚನ್ನು ಮುಖ್ಯ ದೀಪಕ್ಕೆ ಹಾಕಿಸಿ. ಮಂಚದ ಬದಿಯ ಬೋರ್ಡು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಮಲಗಿದಲ್ಲಿಂದಲೇ ಕೈಗೆ ಸಿಗುತ್ತದೆ. ಮಂಚ ಎಲ್ಲಿ ಬರುತ್ತದೆ ಎಂದು ಪೈಪ್ ಹಾಕುವ ಮೊದಲೇ ಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿ. ಕಪಾಟಿನ ಹಿಂದೆ ಹೋದ ಬೋರ್ಡುಗಳನ್ನು ನಾನು ಸುಮಾರು ಮನೆಗಳಲ್ಲಿ ನೋಡಿದ್ದೇನೆ.

ಮಂದ ಬೆಳಕಿಗೆ ಡಿಮ್ಮರ್ ಒಳ್ಳೆಯ ಉಪಾಯ, ಆದರೆ ಸುಮ್ನೆ ಫ್ಯಾನಿನ ರೆಗ್ಯುಲೇಟರಿಗೆ ಎಲ್‌ಇಡಿ ಜೋಡಿಸಬೇಡಿ. ಗುಂಯ್ ಎನ್ನುತ್ತದೆ, ಮಿನುಗುತ್ತದೆ, ಬೇಗ ಸುಡುತ್ತದೆ. ಡಿಮ್ ಆಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಬಲ್ಬು, ಅದಕ್ಕೆ ಹೊಂದುವ ಎಲ್‌ಇಡಿ ಡಿಮ್ಮರ್, ಎರಡೂ ಬೇಕು. ಅದು ತ್ರಾಸ ಎನಿಸಿದರೆ ಎರಡು ಬೇರೆ ಬೇರೆ ದೀಪ, ಒಂದು ದೊಡ್ಡದು, ಒಂದು ಮೂರು ವಾಟಿನದ್ದು. ನನಗೆ ಇದೇ ಹೆಚ್ಚು ಇಷ್ಟ. ಹಾಳಾಗುವ ಭಾಗ ಕಡಿಮೆ.

ಸ್ವಿಚ್ ಆರಿಸಿದ ಮೇಲೂ ಬಲ್ಬು ಮಂಕಾಗಿ ಉರಿಯುತ್ತಾ ಇರುವುದನ್ನು ನೋಡಿದ್ದೀರಾ? ಸ್ವಿಚ್ಚಿನೊಳಗೆ ಕೆಂಪು ಇಂಡಿಕೇಟರ್ ಇದ್ದರೆ ಹಾಗಾಗಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಇಂಡಿಕೇಟರ್ ಇಲ್ಲದಿದ್ದರೆ, ಸ್ವಿಚ್ ಫೇಸಿನ ಬದಲು ನ್ಯೂಟ್ರಲಿಗೆ ಬಿದ್ದಿದೆಯೇ ಎಂದು ವಯರಿಂಗ್‌ನವರಿಂದ ನೋಡಿಸಿ. ಹಾಗಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಬಲ್ಬು ಬದಲಿಸುವ ಕೈಗೆ ಅಪಾಯ.

ಲೋಹದ ಮೈಯ ಗೋಡೆದೀಪಕ್ಕೆ ಅರ್ತ್ ತಂತಿ ಬೇಕೇ ಬೇಕು. ಮನೆಗೆ, ಕರೆಂಟು ಸೋರಿದರೆ ತಾನಾಗಿ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಮಳೆಗಾಲದಲ್ಲಿ ಒದ್ದೆಯಾದ ಕೆಂಪುಕಲ್ಲಿನ ಗೋಡೆಯ ಮನೆಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಿಂಚಿಗೆ ಎಲ್‌ಇಡಿಯ ಡ್ರೈವರುಗಳು ಸಾಯುವುದು ಇಲ್ಲಿ ಹೊಸತಲ್ಲ. ಮೀಟರಿನ ಬಳಿ ಸರ್ಜ್ ತಡೆಯುವ ಸಾಧನ ಹಾಕಿಸಿದರೆ ನಷ್ಟ ಕಡಿಮೆ. ಬಲ್ಬು ಕೊಳ್ಳುವಾಗ ಗುಣಮಟ್ಟದ ಬಿಐಎಸ್ ಗುರುತು ಇದೆಯೇ ನೋಡಿ. ಸಾಧ್ಯವಾದಲ್ಲೆಲ್ಲ ಬಲ್ಬು ಬದಲಿಸಬಹುದಾದ ದೀಪವನ್ನೇ ಆರಿಸಿ. ಎಲ್‌ಇಡಿ ಒಳಗೇ ಬೆಸೆದಿರುವ ದೀಪ ಹಾಳಾದರೆ ಇಡೀ ದೀಪ ಹೋಯಿತು. ಪಿನ್ ಹೋಲ್ಡರಿನ ಬಲ್ಬು ಪೆರ್ಲದ ಚಿಕ್ಕ ಅಂಗಡಿಯಲ್ಲೂ ಸಿಗುತ್ತದೆ.

ಮೂರು ಕೋಣೆ, ಮೂರು ಜೋಡಣೆ

ಹಂಚಿನ ಮಾಡಿನ ಹಳೆಯ ಕೋಣೆಗೆ: ಎದುರು ಬದುರು ಗೋಡೆಯಲ್ಲಿ 9 ವಾಟಿನ ಎರಡು ಬ್ರ್ಯಾಕೆಟ್ ದೀಪ, ತಲೆಬದಿಗೆ ಬಗ್ಗುವ ಕುತ್ತಿಗೆಯ ಓದುದೀಪ, ಕಾಲ ಬದಿಗೆ ಸೆನ್ಸರ್ ದೀಪ. ಗೋಡೆ ಕೊರೆಯದೆ ಪಿವಿಸಿ ಪಟ್ಟಿಯಲ್ಲಿ ವಯರ್ ಎಳೆಯಬಹುದು. ಇನ್ವರ್ಟರಿಗೆ ಎಲ್ಲ ಸೇರಿ 25 ವಾಟಿನ ಭಾರವೂ ಆಗುವುದಿಲ್ಲ.

ಜಿಪ್ಸಂ ಇಲ್ಲದ ತಾರಸಿ ಕೋಣೆಗೆ: ತಲೆಬದಿಯ ಗೋಡೆಯಲ್ಲಿ ಹಲಗೆ ಅಡ್ಡವಿರುವ 20 ವಾಟಿನ ಟ್ಯೂಬ್, ಎರಡು ಬದಿಗೂ ಓದುದೀಪ, ಕಪಾಟಿನೊಳಗೆ ಬಾಗಿಲು ತೆರೆದರೆ ಹತ್ತುವ ಸಣ್ಣ ಪಟ್ಟಿ, ಕಾಲ ಬದಿಯ ದೀಪ.

ಅಕ್ಕನ ಕೋಣೆಯಲ್ಲಿ ಗೋಡೆ ಒಡೆಯಲಿಲ್ಲ. ಮಂಚದ ಮೇಲಿನ ನಾಲ್ಕು ಡೌನ್‌ಲೈಟ್ ತೆಗೆದು ತೂತಿಗೆ ಮುಚ್ಚಳ ಹಾಕಿದೆವು. ಉಳಿದ ನಾಲ್ಕನ್ನು 3000ಕ್ಕೆ ಬದಲಿಸಿದೆವು. ಅದರಲ್ಲಿ ಕಪಾಟಿನ ಮುಂದಿನ ಎರಡಕ್ಕೆ ಬೇರೆ ಸ್ವಿಚ್ ಕೊಟ್ಟೆವು. ತೆಗೆದ ದೀಪಗಳ ವಯರನ್ನೇ ಅಂಚಿನ ಕೋವ್ ಪಟ್ಟಿಗೆ ತಿರುಗಿಸಿದೆವು. ಮಂಚದ ಎರಡು ಬದಿಗೆ ಹಿತ್ತಾಳೆಯ ಎರಡು ಓದುದೀಪ ಬಂದವು. ಎಲ್ಲ ಮುಗಿಸಿದ ಸಂಜೆ ಭಾವ ಬಾಗಿಲಲ್ಲಿ ನಿಂತು, "ಮೊದಲಿನಷ್ಟು ಬೆಳಕಿಲ್ಲ ಅಲ್ವಾ?" ಎಂದರು. ಅಕ್ಕ ಅವರ ಕೈಹಿಡಿದು ಮಂಚದ ಮೇಲೆ ಮಲಗಿಸಿದಳು. ಕೋವ್ ಮಾತ್ರ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು. ಭಾವ ಸ್ವಲ್ಪ ಹೊತ್ತು ಮೇಲೆ ನೋಡಿದರು. ಆಮೇಲೆ, "ಪೇಪರ್ ತಾ, ಇಲ್ಲೇ ಓದುತ್ತೇನೆ" ಎಂದು ಬದಿಯ ದೀಪಕ್ಕೆ ಕೈ ಚಾಚಿದರು.